ಪದ್ಯ ಮುಗಿದ ಮೇಲಿನ ಬಿಡುವು

ಧ್ವನಿ ಮುದ್ರಿಸುವ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಮುದ್ರಿಸಿಕೊಳ್ಳಬೇಕಾದದ್ದು ಯಾರೂ ಮಾತಾಡದ ಸದ್ದನ್ನು. ಓದುವವರನ್ನು ಕೂಡ್ರಿಸಿ, ಫ್ಯಾನು ಆರಿಸಿ, ಒಂದಷ್ಟು ಹೊತ್ತು ಎಲ್ಲರೂ ಸುಮ್ಮನಿರಬೇಕು. ಖಾಲಿ ಕೋಣೆಗೂ ಅದರದೇ ಒಂದು ಸದ್ದು ಇರುತ್ತದೆ. ಮುಂದೆ ಓದಿನ ನಡುವೆ ಕೆಮ್ಮು ಬಂತು, ಅಕ್ಷರ ತಪ್ಪಿತು ಅಂತ ಕತ್ತರಿಸಿ ತೆಗೆದಾಗ ಆ ಜಾಗಕ್ಕೆ ಈ ಖಾಲಿ ಸದ್ದಿನ ತುಂಡನ್ನೇ ತಂದು ತೇಪೆ ಹಚ್ಚುತ್ತೇವೆ. ಹಾಗೆ ಮಾಡದಿದ್ದರೆ ಕೇಳುವವರಿಗೆ ನಡೆಯುತ್ತ ನಡೆಯುತ್ತ ಕಾಲು ಗುಂಡಿಗೆ ಬಿದ್ದಂತಾಗುತ್ತದೆ.

ನಾನು ಇದನ್ನು ಕಲಿತದ್ದು ಪಾಠ ಹೇಳುವ ಕೆಲಸದಿಂದ ನಿವೃತ್ತಿಯಾದ ಮೇಲೆ. ಜಲನಗರದ ನಮ್ಮ ಮನೆಯ ಸಾಮಾನು ಒಟ್ಟುವ ಅಡಕಲು ಕೋಣೆಯ ಕಿಟಕಿಗೆ, ಬಾಗಿಲಿಗೆ ಕೌದಿಗಳನ್ನು ತೂಗುಹಾಕಿ, ಹೊರಗಿನ ಆಟೋಗಳ ಗದ್ದಲ ಒಳಗೆ ಬರದಂತೆ ಮಾಡಿಕೊಂಡು, ಕಣ್ಣು ಕಾಣದ ಎಂ.ಎ. ವಿದ್ಯಾರ್ಥಿಗಳಿಗಾಗಿ ಕನ್ನಡದ ಪಠ್ಯಗಳನ್ನು ಓದಿ ಕೊಡುತ್ತಿದ್ದೆ. ಕತೆ, ಪ್ರಬಂಧ, ವಿಮರ್ಶೆ ಎಲ್ಲ ಸರಳವಾಗಿ ಸಾಗಿದವು. ಆ ಬೇಸಿಗೆಗೆ ಬಂದದ್ದು ಹಳೆಯ ಕಾವ್ಯಗಳಲ್ಲಿ ದುಃಖ, ಪಾಪಪ್ರಜ್ಞೆ ಎಂಬ ಪತ್ರಿಕೆ. ಅದರಲ್ಲಿ ನಮ್ಮ ಕಡೆ ಶ್ರಾವಣದಲ್ಲಿ ಓದಿಸುವ ಒಂದು ಷಟ್ಪದಿ ಕಾವ್ಯದ ಸಂಧಿ ಇತ್ತು. ಪರೀಕ್ಷೆಗೆ ಬಹಳ ದಿನ ಉಳಿದಿರಲಿಲ್ಲ.

ಸಂಧಿಯ ಕತೆ ಇಷ್ಟೇ. ಅಣ್ಣ ಅರಸ. ಯಾರದೋ ಚಾಡಿ ಮಾತು ಕೇಳಿ ತಮ್ಮನಿಗೆ ಊರು ಬಿಡಿಸುತ್ತಾನೆ. ತಮ್ಮ ಕಾಡಿನಲ್ಲಿ ಸಾಯುತ್ತಾನೆ. ಬೇಡರು ಅವನ ಕಂಬಳಿ ತಂದು ಅರಸನ ಮುಂದಿಡುತ್ತಾರೆ. ತಮ್ಮನದು ತಪ್ಪಿರಲಿಲ್ಲವೆಂದು ಅರಸನಿಗೆ ಆಗ ತಿಳಿಯುತ್ತದೆ. ಅಲ್ಲಿಂದ ಮುಂದೆ ಪದ್ಯದ ಮೇಲೆ ಪದ್ಯ ಅಣ್ಣನ ಅಳಲು. ಪಠ್ಯದಲ್ಲಿ ಇದ್ದದ್ದು ಅಲ್ಲಿಯವರೆಗೆ.

ಮೊದಲು ನಾನೇ ಓದಿ ನೋಡಿದೆ. ನನ್ನ ಮುದ್ರಣಗಳನ್ನು ಮೊದಲು ಕೇಳಿ ತಪ್ಪು ಹೇಳುವವಳು ಒಬ್ಬ ವಿದ್ಯಾರ್ಥಿನಿ. ಹುಟ್ಟಿನಿಂದ ಕಣ್ಣಿಲ್ಲ, ನಾಲಿಗೆ ಮಾತ್ರ ಬಲು ಚುರುಕು. ಕೇಳಿದವಳೇ ಫೋನು ಮಾಡಿದಳು.

“ಮೇಡಂ, ಅರಸ ಅಳಾಕತ್ತಾನೋ, ಹಾಜರಿ ಕರಿಯಾಕತ್ತಾನೋ ತಿಳಿಯವಲ್ದರಿ.”

ನಕ್ಕೆ, ಆದರೆ ಅವಳು ಹೇಳಿದ್ದು ಸರಿಯಿತ್ತು. ನನಗೆ ಕನ್ನಡ ಹತ್ತಿದ್ದು ಜೋರಾಪುರ ಪೇಟೆಯ ನಮ್ಮ ಹಳೆಯ ಮನೆಯ ಕಟ್ಟೆಯ ಮೇಲೆ, ಇಟ್ಟಂಗಿಹಾಳದಿಂದ ಸೊಸೆಯಾಗಿ ಬಂದ ನಮ್ಮ ಅಜ್ಜಿಯ ಬಾಯಿಂದ. ಆಕೆ ಸಂಜೆಗೆ ಪುರಾಣ ಕೇಳಿ ಬಂದು, ಕೇಳಿದ್ದನ್ನೆಲ್ಲ ಮರುದಿನ ಜೋಳ ಹಸನು ಮಾಡುತ್ತ ನಮಗೆ ಹೇಳುತ್ತಿದ್ದಳು. ಈ ಕಾವ್ಯ ರಾಗ ಹಿಡಿದು ಓದುವವರ ಬಾಯಲ್ಲಿ ಬೇರೆಯೇ ಆಗುತ್ತದೆಂದು ನನಗೆ ಗೊತ್ತಿತ್ತು. ವಿಚಾರಿಸಿದಾಗ ತಿಕೋಟಾದ ಒಬ್ಬ ಅಜ್ಜನ ಹೆಸರು ಬಂತು.

ಅಜ್ಜ ದ್ರಾಕ್ಷಿ ಬೆಳೆಗಾರ. ನೆಟ್ಟಗೆ ಕೂಡುವ, ಕಡಿಮೆ ಮಾತಿನ ಮನುಷ್ಯ. ಸಂಧಿ ಯಾವುದೆಂದು ಹೇಳಿದಾಗ ಬಹಳ ಹೊತ್ತು ತಮ್ಮ ಅಂಗೈ ನೋಡಿಕೊಂಡರು. ಒಳಗಿನಿಂದ ಅವರ ಹೆಂಡತಿ, “ಓದ್ರಿ. ಹುಡುಗೂರಿಗೆ ಬೇಕಾಗೈತಂತ” ಅಂದರು. ಅಜ್ಜ ಒಪ್ಪಿದರು. ಜಲನಗರಕ್ಕೆ ಬರಲು ಮಾತ್ರ ಒಪ್ಪಲಿಲ್ಲ. ಕಾವ್ಯದ ಹೊತ್ತಿಗೆ ಇದ್ದಲ್ಲೇ ಓದಬೇಕು, ಅದನ್ನು ಎತ್ತುವ ಹಾಗಿಲ್ಲ ಎಂದರು. ಯಾಕೆಂದು ಹೇಳಲಿಲ್ಲ.

ಹೊತ್ತಿಗೆ ಇದ್ದದ್ದು ಪಡಸಾಲೆಗೆ ಹತ್ತಿದ ಸಣ್ಣ ಕೋಣೆಯಲ್ಲಿ, ಮರದ ಪೀಠದ ಮೇಲೆ, ಹಳದಿ ಅಂಚಿನ ಬಿಳಿ ಅರಿವೆಯ ಕೆಳಗೆ. ನನ್ನ ಪುಣ್ಯಕ್ಕೆ ಆ ಕೋಣೆಯ ಎರಡು ಗೋಡೆಗಳ ತುಂಬ ಒಣದ್ರಾಕ್ಷಿಯ ರಟ್ಟಿನ ಡಬ್ಬಗಳನ್ನು ಮೇಲಿನತನಕ ಒಟ್ಟಿದ್ದರು. ರಟ್ಟು ಸದ್ದು ಕುಡಿಯುತ್ತದೆ. ಜಲನಗರದಲ್ಲಿ ನಾನು ಕೌದಿ ಕಟ್ಟಿ ಮಾಡಿದ್ದನ್ನು ಇಲ್ಲಿ ಅವರ ಬೆಳೆಯೇ ಮಾಡಿಟ್ಟಿತ್ತು. ತೊಂದರೆ ಇದ್ದದ್ದು ಹೊರಗೆ. ಶೆಡ್ಡಿನಲ್ಲಿ ದ್ರಾಕ್ಷಿ ಒಣಹಾಕುವ ಹೆಂಗಸರ ಮಾತು, ಟ್ರ್ಯಾಕ್ಟರು, ಗುಬ್ಬಿಗಳು. ಮಧ್ಯಾಹ್ನ ಆಳುಗಳು ಉಂಡು ಅಡ್ಡಾದ ಹೊತ್ತನ್ನು ಆರಿಸಿಕೊಂಡೆವು. ಫ್ಯಾನು ಹಾಕುವಂತಿಲ್ಲ. ಅಜ್ಜ ಮಡಿಸಿದ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಕೂತರು. ಒಣದ್ರಾಕ್ಷಿಯ ಸಿಹಿ ವಾಸನೆಗೆ ನನಗೆ ತೂಕಡಿಕೆ ಬರುತ್ತಿತ್ತು.

ಎಲ್ಲರೂ ಆಯಿ ಎಂದು ಕರೆಯುವ ಅಜ್ಜನ ಹೆಂಡತಿ ಎರಡು ಚಾಪೆ ಹಾಸಿದ್ದರು. ಒಂದರ ಮೇಲೆ ಅಜ್ಜ. ಬಲಕ್ಕಿದ್ದ ಇನ್ನೊಂದು ನನಗೇ ಇರಬೇಕೆಂದು ಅದರ ಮೇಲೆ ಯಂತ್ರದ ಚೀಲ ಇಟ್ಟೆ. ಆಯಿ ಬಂದು ಚೀಲವನ್ನು ಎತ್ತಿ ನೆಲದ ಮೇಲಿಟ್ಟು, ನನಗೆ ಒಂದು ಮಣೆ ತಂದು ಕೊಟ್ಟರು. ಚಾಪೆ ಖಾಲಿಯೇ ಉಳಿಯಿತು.

ಅಜ್ಜ ಅರಿವೆ ಸರಿಸಿದರು. ಹೊತ್ತಿಗೆ ಮೊದಲೇ ತೆರೆದಿತ್ತು. ತೆರೆದ ಎರಡು ಪುಟಗಳಷ್ಟೇ ಉಳಿದವಕ್ಕಿಂತ ಹಳದಿಯಾಗಿದ್ದವು. ಸಂಧಿಯ ಮೊದಲಿಗೆ ಹೋಗಲು ಅವರು ಹಾಳೆಗಳನ್ನು ಹಿಂದಕ್ಕೆ ತಿರುವಿದರು, ಆದರೆ ಎಡಗೈ ಬೆರಳೊಂದನ್ನು ಆ ಹಳದಿ ಪುಟದಲ್ಲೇ ಇಟ್ಟುಕೊಂಡಿದ್ದರು. ಓದು ಮುಗಿಯುವತನಕ ಆ ಬೆರಳು ಹೊರಗೆ ಬರಲಿಲ್ಲ.

ಏನು ಕಂಠ ಅದು! ಚಾಡಿಗಾರನ ಪದ್ಯಕ್ಕೆ ತುಸು ಮೂಗಿನಲ್ಲಿ, ತಮ್ಮನ ಪದ್ಯಕ್ಕೆ ಎದೆಯಿಂದ. ತಪ್ಪೇ ಇಲ್ಲ. ನನಗೆ ಕೆಲಸ ಕೊಟ್ಟದ್ದು ಬೇರೆಯೇ ಒಂದು. ಪ್ರತಿ ಪದ್ಯ ಮುಗಿದ ಮೇಲೆ ಅಜ್ಜ ಸುಮ್ಮನಾಗುತ್ತಿದ್ದರು. ಉಸಿರು ಎಳೆದುಕೊಳ್ಳುವಷ್ಟಲ್ಲ, ಬಹಳ ಹೊತ್ತು. ಕೆಲವೊಮ್ಮೆ ಗೋಣು ತುಸು ಹಾಕುವರು, ಒಮ್ಮೆ ಸಣ್ಣಗೆ ನಕ್ಕರು ಕೂಡ. ಆಮೇಲೆ ಮುಂದಿನ ಪದ್ಯ. ವಯಸ್ಸಾಗಿದೆ, ದಣಿವು ಇದ್ದೀತು ಅಂದುಕೊಂಡೆ. ಕೊನೆಯ ಪದ್ಯ ಓದಿ ನಿಲ್ಲಿಸಿದರು. ಪಠ್ಯವೂ ಅಲ್ಲಿಗೇ ಮುಗಿಯುತ್ತಿತ್ತು. ಅಜ್ಜ ಹೊತ್ತಿಗೆ ಮುಚ್ಚಲಿಲ್ಲ. ತೆರೆದಿದ್ದ ಹಾಗೆಯೇ ಅರಿವೆ ಹೊದಿಸಿ ಎದ್ದರು.

ಮನೆಗೆ ಬಂದು ಕತ್ತರಿಸಲು ಕೂತೆ. ಕಂಪ್ಯೂಟರಿನ ಪರದೆಯಲ್ಲಿ ಮಾತು ಗುಡ್ಡದ ಹಾಗೆ ಏರಿಳಿಯುತ್ತದೆ, ಮೌನ ಗೆರೆಯ ಹಾಗೆ ಮಲಗಿರುತ್ತದೆ. ಅಜ್ಜನ ಓದಿನಲ್ಲಿ ಗುಡ್ಡದಷ್ಟೇ ಬಯಲು. ಬಯಲನ್ನೆಲ್ಲ ತೆಗೆದುಹಾಕಿ ಪದ್ಯಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಕಳಿಸಿದೆ. ಮರುದಿನ ಬೆಳಿಗ್ಗೆ ಫೋನು.

“ಮೇಡಂ, ಅಜ್ಜಾರ ಬೆನ್ನ ಹಿಂದ ನಾಯಿ ಬಿಟ್ಟೀರೇನ್ರಿ?”

ಅವಳ ದೂರು ಎರಡು. ಒಂದು, ಓದಿಗೆ ಉಸಿರಿಲ್ಲ. ಇನ್ನೊಂದು, ಹಳಗಾಲದ ಕನ್ನಡ ಕಿವಿಗೆ ಇಂಪಾಗಿದೆ, ತಲೆಗೆ ಇಳಿಯುವುದಿಲ್ಲ, ಅರ್ಥ ಹೇಳುವವರು ಬೇಕು. ಅದಕ್ಕೇನಂತೆ, ಇಷ್ಟು ವರ್ಷ ಪಾಠ ಹೇಳಿದವಳು ನಾನು. ಕತ್ತರಿಸಿದ ಬಿಡುವುಗಳನ್ನೆಲ್ಲ ಮತ್ತೆ ಕೂಡಿಸಿ, ಅವುಗಳಲ್ಲಿ ನನ್ನ ದನಿಯಲ್ಲಿ ಅರ್ಥ ತುಂಬಿದೆ. ನನ್ನ ಎರಡೆರಡು ವಾಕ್ಯಗಳು ಮುಗಿದ ಮೇಲೂ ಬಿಡುವು ಉಳಿಯುತ್ತಿತ್ತು. ಆಗ ನನಗೆ ಮೊದಲ ಸಲ ಅನುಮಾನ ಬಂತು. ದಣಿದವರ ಬಿಡುವು ಓದು ಮುಂದೆ ಹೋದಂತೆ ಉದ್ದವಾಗುತ್ತ ಹೋಗಬೇಕು. ಇವು ಹಾಗಿರಲಿಲ್ಲ. ಸರಳ ಪದ್ಯಕ್ಕೆ ಸಣ್ಣದು, ಬಿಗಿ ಪದ್ಯಕ್ಕೆ ದೊಡ್ಡದು. ಯಾರೋ ಅಳೆದು ಬಿಟ್ಟ ಜಾಗಗಳು.

ಕೇಳಿಸಲೆಂದು ತಿಕೋಟಾಕ್ಕೆ ಹೋದೆ. ಅಜ್ಜ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

“ನಿಮ್ಮ ಅರ್ಥ ಬರೋಬ್ಬರಿ ಐತ್ರಿ ಬಾಯಾರ,” ಅಂದರು. “ತಪ್ಪೇನಿಲ್ಲ. ಆದ್ರ ನಾ ಅದರ ಸಲುವಾಗಿ ಜಾಗಾ ಬಿಟ್ಟಿದ್ದಿಲ್ಲ.”

ಅಂದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೊರಟುಹೋದರು.

ಆಯಿ ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತ ಕೂತಿದ್ದರು. ನಾನೂ ಒಂದು ಮೊರ ಎಳೆದುಕೊಂಡು ಕೂತೆ. ಕೈಗೆ ಕೆಲಸವಿದ್ದರೆ ಬಾಯಿ ತಾನಾಗಿ ಬಿಚ್ಚುತ್ತದೆ ಅನ್ನುವುದನ್ನು ನಮ್ಮ ಮನೆಯ ಕಟ್ಟೆಯ ಮೇಲೇ ಕಂಡಿದ್ದೆ. ಆಯಿ ಹೇಳಿದ ಮಾತನ್ನು ಇಲ್ಲಿ ಒಟ್ಟಾಗಿ ಬರೆಯುತ್ತೇನೆ.

ಶ್ರಾವಣದ ಓದಿಗೆ ಯಾವಾಗಲೂ ಇಬ್ಬರು. ಅಜ್ಜ ಪದ್ಯ ಓದುವವರು, ಅವರ ಬಲಕ್ಕೆ ಕೂತು ಅರ್ಥ ಹೇಳುವವರು ಬಬಲೇಶ್ವರದ ಒಬ್ಬ ಸಾಹೇಬರು, ಕಸುಬಿನಲ್ಲಿ ದರ್ಜಿ. ಅವರ ತಂದೆಯೂ ಅರ್ಥ ಹೇಳುತ್ತಿದ್ದವರೇ. ಶ್ರಾವಣ ಪೂರ ಅವರು ಸಂಜೆಯ ಬಸ್ಸಿಗೆ ಬಂದು, ಇಲ್ಲಿಯ ಮಸೂತಿಯಲ್ಲಿ ನಮಾಜು ಮುಗಿಸಿ ಗುಡಿಗೆ ಬರುವರು. ಅಜ್ಜ ಅವರನ್ನು ನೋಡಿ “ಆತೇನೋ?” ಅನ್ನುವರು. “ಆತು, ಹಚ್ಚು” ಅಂತ ಇವರು ಕೂಡುವರು. ಅಲ್ಲಿಂದ ಓದು ಸುರು. ಇಬ್ಬರೂ ಮೀಸೆ ಮೂಡುವ ಕಾಲದಿಂದ ಹೀಗೆ.

ಈ ಓದಿಗೊಂದು ಕಟ್ಟಳೆ ಉಂಟು. ದುಃಖದ ಜಾಗದಲ್ಲಿ ಹೊತ್ತಿಗೆ ಮುಚ್ಚುವಂತಿಲ್ಲ. ಎಷ್ಟೇ ಹೊತ್ತಾಗಲಿ, ಮುಂದೆ ಕತೆಯಲ್ಲಿ ಯಾರಾದರೂ ಹುಟ್ಟುವತನಕ, ಅಗಲಿದವರು ಕೂಡುವತನಕ ಓದಿಯೇ ಏಳಬೇಕು. ಈ ಸಂಧಿಯಲ್ಲಿ ಅಣ್ಣನ ಅಳಲು ಮುಗಿದ ಮೇಲೆ ತಮ್ಮನ ಹೆಂಡತಿ ಕೂಸು ಎತ್ತಿಕೊಂಡು ಬರುವ ಪದ್ಯವಿದೆ. ತೊಟ್ಟಿಲ ಪದ್ಯ ಅನ್ನುತ್ತಾರೆ. ಅದನ್ನು ಓದಿ, ಅರಿವೆಯ ತೊಟ್ಟಿಲು ಕಟ್ಟಿ, ತೆಂಗಿನಕಾಯಿ ಮಲಗಿಸಿ ತೂಗಿ, ಸಕ್ಕರೆ ಹಂಚಿದ ಮೇಲೆ ಹೊತ್ತಿಗೆ ಮುಚ್ಚುವುದು.

ಕೆಲವು ವರ್ಷದ ಕೆಳಗೆ, ಇದೇ ಸಂಧಿಯ ದಿನ ಮಳೆ ಹಿಡಿದಿತ್ತು. ಬಬಲೇಶ್ವರದ ಕೊನೆಯ ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ದರ್ಜಿ ಕಾಕಾ ಅಳಲಿನ ಕೊನೆಯ ಪದ್ಯಕ್ಕೆ ಅರ್ಥ ಹೇಳದೆ, ಸಾಕು, ಉಳಿದದ್ದು ನಾಳೆ ಅಂದರು. ಅಜ್ಜ ಹೊತ್ತಿಗೆ ಮುಚ್ಚಿದರು. ಕಾಕಾ ಮನೆ ಮುಟ್ಟುವ ಹೊತ್ತಿಗೆ ಅವರ ಹೆಂಡತಿಗೆ ಎದೆನೋವು ಬಂದು ಆಸ್ಪತ್ರೆಗೆ ಒಯ್ದಿದ್ದರು. ಉಳಿಯಲಿಲ್ಲ. ಮಣ್ಣಿಗೆ ಹೋಗಿ ಬಂದ ಅಜ್ಜ ನೇರ ಗುಡಿಗೆ ಹೋಗಿ, ಹೊತ್ತಿಗೆ ಮನೆಗೆ ತಂದು, ಮುಚ್ಚಿದ್ದ ಅದೇ ಪುಟ ತೆರೆದಿಟ್ಟರು.

“ಮುಚ್ಚಿದ ಕೈ ನಂದು ಅಂತಾರವಾ,” ಆಯಿ ಅಂದರು. “ಅವರ ಮನಿಗೆ ಹ್ಯಾಂಗ ಹೋಗ್ಲಿ, ಯಾವ ಮಾರಿ ತಗೊಂಡ ಹೋಗ್ಲಿ ಅಂತಾರ. ಅವರೂ ಈ ಕಡೆ ಬಂದಿಲ್ಲ. ನಾ ಮಾತ್ರ ದಿನಾ ಎರಡು ಚಾಪಿ ಹಾಸ್ತೀನಿ. ಒಂದ ಹಾಸಿದ್ರ ಇವರು ಓದಾಕ ಕೂಡಂಗಿಲ್ಲ.”

ಬಿಡುವುಗಳ ಲೆಕ್ಕ ನನಗೆ ಆಗ ತಿಳಿಯಿತು. ಪ್ರತಿ ಪದ್ಯದ ನಂತರ ಅಜ್ಜ ಗೆಳೆಯನ ಅರ್ಥವನ್ನು ಪೂರ್ತಿ ಕೇಳುತ್ತಿದ್ದರು. ಎಲ್ಲಿ ಗೋಣು ಹಾಕಬೇಕೋ ಅಲ್ಲಿ ಹಾಕುತ್ತಿದ್ದರು. ಎಲ್ಲಿ ನಗೆಚಾಟಿಕೆ ಇತ್ತೋ ಅಲ್ಲಿ ನಕ್ಕಿದ್ದರು. ಅವನ್ನೆಲ್ಲ ನಾನು ಜಲನಗರದಲ್ಲಿ ಕೂತು ಕಸವೆಂದು ಬಳಿದುಹಾಕಿದ್ದೆ.

ಇನ್ನು ನನ್ನ ಮುಂದೆ ಎರಡು ದಾರಿ. ನನ್ನ ಅರ್ಥವನ್ನೇ ಇಟ್ಟು ಪರೀಕ್ಷೆಗೆ ಮೊದಲು ಒಪ್ಪಿಸಿಬಿಡುವುದು ಒಂದು. ಯಾವ ಕತ್ತರಿಯೂ ಹಾಕದ ಮೊದಲ ಮುದ್ರಣವನ್ನು, ಬಿಡುವುಗಳ ಸಮೇತ, ಬಬಲೇಶ್ವರಕ್ಕೆ ಒಯ್ಯುವುದು ಇನ್ನೊಂದು. ಅರ್ಥ ಹೇಳುವುದನ್ನೇ ಬಿಟ್ಟ ಮನುಷ್ಯನ ಮುಂದೆ ಆ ಸಂಧಿ ಹಚ್ಚುವುದೆಂದರೆ ಮಾಯದ ಗಾಯಕ್ಕೆ ಉಗುರು ತಾಗಿಸಿದ ಹಾಗೆ. ಎರಡು ದಿನ ತಳಮಳಿಸಿದೆ. ಕೊನೆಗೆ ಹೋಗುವುದೆಂದು ನಿಶ್ಚಯಿಸಿದೆ, ಆದರೆ ಅಜ್ಜನ ಓದು ಕೇಳಿಸುವ ಯಂತ್ರವಷ್ಟೇ ಒಯ್ದೆ, ಕಾಕಾನ ದನಿ ಮುದ್ರಿಸಿಕೊಳ್ಳಲು ಎರಡನೆಯ ಯಂತ್ರ ಒಯ್ಯಲಿಲ್ಲ. ಅವರು ಏನಾದರೂ ಹೇಳಿದರೆ ಅದು ನನ್ನ ಕೆಲಸಕ್ಕೆ ಸಿಗುವುದಿಲ್ಲ ಅನ್ನುವುದು ಗೊತ್ತಿದ್ದೇ ಹಾಗೆ ಮಾಡಿದೆ. ಕದ್ದು ಹಿಡಿದ ದನಿಯನ್ನು ಪಾಠವೆಂದು ಕೇಳಿಸುವ ಮನಸ್ಸು ನನಗಿರಲಿಲ್ಲ.

ಬಬಲೇಶ್ವರದಲ್ಲಿ ದರ್ಜಿ ಕಾಕಾ ಮನೆಯ ಮುಂದಿನ ಕಟ್ಟೆಯ ಮೇಲೆ ಕಾಲುಮಷಿನು ಹಾಕಿಕೊಂಡು ಹೊಲಿಯುತ್ತಿದ್ದರು. ಬಿಳಿ ಗಡ್ಡ, ಕೊರಳಲ್ಲಿ ಅಳತೆಯ ಪಟ್ಟಿ. ಬಾಗಿಲಲ್ಲಿ ನಿಂತಿದ್ದ ಸೊಸೆ ಸಣ್ಣ ದನಿಯಲ್ಲಿ, ಮಾವ ಈಗ ಅಳತೆ ಬಿಟ್ಟು ಬೇರೆ ಮಾತಾಡುವುದು ಕಡಿಮೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದಳು. ನಾನು ಯಾರು, ಯಾಕೆ ಬಂದೆ ಎಂಬುದನ್ನು ಹೇಳಿದೆ. ತಿಕೋಟಾ ಅಂದದ್ದಕ್ಕೆ ಕಾಲು ಒಂದು ಗಳಿಗೆ ನಿಂತಿತು, ಮತ್ತೆ ತುಳಿಯಿತು.

“ಅರ್ಥ ಹೇಳೂದು ಬಿಟ್ಟೀನ್ರಿ. ಬ್ಲೌಸ್ ಇದ್ರ ಕೊಡ್ರಿ.”

ಬ್ಲೌಸ್ ಇರಲಿಲ್ಲ. ಯಂತ್ರದ ಚೀಲದ ಹಿಡಿಕೆ ಕಿತ್ತು ಬಂದಿತ್ತು, ಅದನ್ನು ಕೊಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಹೊಲಿದವನಿಗೆ ಮಷಿನು ಯಾರು ಕೊಟ್ಟರು ಅಂದು, ಹಳೆಯ ಹೊಲಿಗೆ ಬಿಚ್ಚಲು ಕೂತರು. ಚೀಲದಿಂದ ತೆಗೆದ ಯಂತ್ರವನ್ನು ಕಟ್ಟೆಯ ಮೇಲಿಟ್ಟು ಕೇಳಿದೆ.

“ಹೊಲಿಯೂತನಕ ಇದನ್ನ ಹಚ್ಲೇನ್ರಿ ಕಾಕಾ? ಬ್ಯಾಡಂದ್ರ ಬಂದ್ ಮಾಡ್ತೀನಿ.”

ಅವರು ಹೊಲಿಗೆ ಬಿಚ್ಚುತ್ತಲೇ ಇದ್ದರು. ಹಚ್ಚಿದೆ.

ಮೊದಲ ಪದ್ಯಕ್ಕೆ ಬಿಚ್ಚುವ ಕೈ ನಿಂತಿತು. ಪದ್ಯ ಮುಗಿದು ಬಿಡುವು ಬಂತು. ಬೀದಿಯಲ್ಲಿ ನಿಂಬೆಹಣ್ಣಿನ ಚೀಲ ಹೇರಿದ ಟಂಟಂ ಹಾದುಹೋಯಿತು. ಎರಡನೆಯ ಪದ್ಯ, ಎರಡನೆಯ ಬಿಡುವು. ಕಾಕಾನ ತುಟಿ ಅಲುಗಾಡಿತು. ಚಾಡಿಗಾರನ ಪದ್ಯ ಮುಗಿದಾಗ ಯಂತ್ರದಲ್ಲಿ ಅಜ್ಜ ಸಣ್ಣಗೆ ನಕ್ಕರು. ಕಾಕಾ ತಲೆ ಎತ್ತಿದರು.

“ನಗಾಕತ್ತಾನ ನೋಡು ಮಗ,” ಅಂದರು. “ಚಾಡಿ ಹೇಳಾವ ಅಂದ್ರ ಎಂಥಾವ ಅಂತ ಇಲ್ಲಿ ನಾ ಅವನ ಸ್ವಾದರಮಾವನ ಹೆಸರು ತರತಿದ್ದೆ.”

ಮುಂದೆ ಬೇಡರು ಕಂಬಳಿ ತಂದಿಡುವ ಪದ್ಯ. ಅದರ ನಂತರದ್ದು, ಅರಸ ಆ ದಿನ ಉಣ್ಣಲಿಲ್ಲ ಅನ್ನುವ ಪದ್ಯ. ನನ್ನ ಅರ್ಥದಲ್ಲಿ ನಾನು, ಪಶ್ಚಾತ್ತಾಪದಿಂದ ಅರಸ ಆಹಾರ ತ್ಯಜಿಸಿದನು ಎಂದಿದ್ದೆ. ಬಿಡುವು ಬಂತು. ಕಾಕಾ ಸೂಜಿಯನ್ನು ಅಂಗಿಯ ಪಟ್ಟಿಗೆ ಚುಚ್ಚಿಟ್ಟರು.

“ಅಂದ್ರ, ಅರಸ ಊಟಕ್ಕ ಕುಂತ. ರೂಢಿ ನೋಡ್ರಿ, ಎರಡು ತಾಟು ಹಾಕ್ಸಿದ. ಹಾಕಿದಾಕಿಗೂ ತಿಳೀಲಿಲ್ಲ, ಹಾಕ್ಸಿದವಂಗೂ ತಿಳೀಲಿಲ್ಲ. ಎರಡನೇ ತಾಟಿನ ಅನ್ನ ಆರೂದು ನೋಡಕೋತ ಕುಂತ. ಚಾಡಿ ಹೇಳಿದವನ ನಾಲಿಗಿ ಕೊಯ್ಸಬಹುದು. ಕೇಳಿದ ಕಿವಿ ತನ್ನವು. ಅವನ್ನ ತಗೊಂಡು ಎಲ್ಲಿಗೆ ಹೋಗಬೇಕು?”

ಸರಿಯಾಗಿ ಅಲ್ಲಿಗೆ ಬಿಡುವು ಮುಗಿದು ಅಜ್ಜನ ಮುಂದಿನ ಪದ್ಯ ಎದ್ದಿತು. ಒಂದು ಅಕ್ಷರ ಮೇಲೆ ಬೀಳಲಿಲ್ಲ, ಒಂದು ಗಳಿಗೆ ಖಾಲಿ ಉಳಿಯಲಿಲ್ಲ. ಸೊಸೆ ಹೊಸ್ತಿಲ ಮೇಲೆ ಕೂತುಬಿಟ್ಟಿದ್ದಳು. ಮುದ್ರಿಸುವವಳ ಹೊಟ್ಟೆ ಉರಿಯದೆ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೂ ಎರಡನೆಯ ಯಂತ್ರ ತಂದಿರದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು. ಅವರು ಮಾತಾಡುತ್ತಿದ್ದದ್ದು ನನ್ನ ಹತ್ತಿರ ಅಲ್ಲ.

ಅಳಲಿನ ಕೊನೆಯ ಪದ್ಯ ಬಂತು. ಅರಸ ಊರ ಅಗಸಿ ಬಾಗಿಲಲ್ಲಿ ಕೂತು ಬಂದು ಹೋಗುವವರಿಗೆ ದಾರಿಯ ಸುದ್ದಿ ಕೇಳುವ ಪದ್ಯ. ಬಿಡುವು ಸುರುವಾಯಿತು. ಕಾಕಾ ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಯಂತ್ರವೂ ನಿಂತಿತು.

“ಮುಂದಿಂದು ಹಚ್ರಿ,” ಅಂದರು.

“ಮುಂದ ಇಲ್ರಿ ಕಾಕಾ. ಇಲ್ಲಿಗೇ ನಿಲ್ಲಿಸ್ಯಾರ.”

ಮುಖ ಕೆಂಪಾಯಿತು. “ಇಲ್ಲಿ ಮುಚ್ಚ್ಯಾನ? ಮತ್ತ? ಬುದ್ಧಿ ಐತೇನ್ ಅವಂಗ?”

“ಮುಚ್ಚಿಲ್ರಿ. ನಿಮ್ಮ ಮನಿಯವರನ್ನ ಮಣ್ಣು ಮಾಡಿ ಬಂದ ದಿನ ಆ ಪುಟ ತೆರದಿಟ್ಟಾರ. ಇವತ್ತಿಗೂ ಹಂಗ ತೆರದ ಐತ್ರಿ.”

ಕಾಕಾ ನನ್ನ ಚೀಲವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. ಆಮೇಲೆ ಹಿಡಿಕೆಗೆ ಗಟ್ಟಿಯಾಗಿ ಎರಡೆರಡು ಹೊಲಿಗೆ ಹಾಕಿ, ದಾರ ಕಡಿದು, ನನ್ನ ಕೈಗೆ ಕೊಟ್ಟರು. ಒಳಗೆ ಹೋದರು. ನಮಾಜು ಮುಗಿಸಿ ಇಸ್ತ್ರಿ ಮಾಡಿದ ಅಂಗಿ, ಬಿಳಿ ಟೊಪ್ಪಿಗೆ ಹಾಕಿಕೊಂಡು ಹೊರಗೆ ಬಂದು ನನ್ನ ಕಾರಿನ ಬಾಗಿಲ ಹತ್ತಿರ ನಿಂತರು. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ದಾರಿಯುದ್ದಕ್ಕೂ ಎರಡೂ ಕಡೆ ದ್ರಾಕ್ಷಿ ತೋಟ, ನಡುನಡುವೆ ಕಟಾವು ಮುಗಿದ ಜೋಳದ ಕರಿನೆಲ. ಕಾಕಾ ಕಿಟಕಿಯ ಹೊರಗೆ ನೋಡುತ್ತ ಒಂದೇ ಸಲ ಬಾಯಿ ಬಿಟ್ಟರು. “ಸಾಕು ಅಂದ ಬಾಯಿ ನಂದು, ತಂಗಿ. ಬಸ್ಸಿನ ಸಲುವಾಗಿ. ಅವನೌನ್, ಬಸ್ಸಿನ ಸಲುವಾಗಿ.” ಅಜ್ಜ ತಮ್ಮ ಕೈಯನ್ನು ಬೈದುಕೊಳ್ಳುತ್ತಿದ್ದಾರೆ, ಇವರು ತಮ್ಮ ಬಾಯಿಯನ್ನು. ಒಬ್ಬರ ಗಂಟನ್ನು ಇನ್ನೊಬ್ಬರಿಗೆ ಮುಟ್ಟಿಸುವ ಹಮಾಲಿ ನನ್ನದಲ್ಲ ಅನ್ನಿಸಿತು.

ಅಜ್ಜ ಪಡಸಾಲೆಯಲ್ಲಿ ಕೂತು ಚಹಾ ಬಸಿಗೆ ಸುರಿದುಕೊಳ್ಳುತ್ತಿದ್ದರು. ಮೆಟ್ಟಿಲ ಮೇಲೆ ಕಾಕಾನನ್ನು ನೋಡಿ ಬಸಿ ಕೆಳಗಿಟ್ಟರು. ಇಬ್ಬರೂ ನಿಂತರು. ಆಯಿ ಅಡಿಗೆಮನೆಯ ಬಾಗಿಲಲ್ಲಿ. ನಾನು ಹೊಸ ಹೊಲಿಗೆಯ ಚೀಲ ಅವುಚಿಕೊಂಡು ಗೋಡೆಗೆ ಒರಗಿದ್ದೆ.

“ಆತೇನೋ?” ಅಂದರು ಅಜ್ಜ.

ಕಾಕಾ ಚಪ್ಪಲಿ ಕಳಚಿದರು. “ಆತು,” ಅಂದರು. “ಹಚ್ಚು.”

ಅಷ್ಟೇ. ಕೋಣೆಗೆ ಹೋದೆವು. ಚಾಪೆಗಳು ಎರಡೂ ಹಾಸಿದ್ದವು. ಕಾಕಾ ಬಲಗಡೆಯದರ ಮೇಲೆ ಕೂತು, ಅಂಗೈಯಿಂದ ಅದರ ಅಂಚು ಸವರಿದರು. ನಾನು ಬಾಗಿಲ ಹೊರಗೇ ನಿಂತಿದ್ದೆ. ಒಳಗಿನಿಂದ ಅವರೇ ಕರೆದರು. “ನಿಮ್ಮ ಮಷಿನ್ ಹಚ್ರಿ ತಂಗಿ, ಹೊರಗ್ಯಾಕ ನಿಂತೀರಿ. ಹುಡುಗೂರ ಪರೀಕ್ಷಾ ಐತೆಂದಿರಲ್ಲ.”

ಶೆಡ್ಡಿನಲ್ಲಿ ಹೆಂಗಸರು ಮಾತಾಡುತ್ತಿದ್ದರು. ಗುಬ್ಬಿಗಳು ಸೂರಿನಲ್ಲಿ ಜಗಳಾಡುತ್ತಿದ್ದವು. ಮುದ್ರಣಕ್ಕೆ ಅದಕ್ಕಿಂತ ಕೆಟ್ಟ ಹೊತ್ತು ಇರಲಿಲ್ಲ. ಯಾರನ್ನೂ ಸುಮ್ಮನಿರಿಸಲಿಲ್ಲ, ಹಚ್ಚಿಬಿಟ್ಟೆ.

ಸಂಧಿಯ ಮೊದಲಿನಿಂದ ಓದಿದರು. ಸ್ವಾದರಮಾವನ ಹೆಸರು ಬಂತು, ಅಜ್ಜ ನಕ್ಕರು. ಎರಡು ತಾಟು ಬಂದವು. ಆಯಿ ಚಾಪೆಗಳ ಕಡೆ ನೋಡಿ ಕಣ್ಣು ಒರೆಸಿಕೊಂಡರು. ಅಗಸಿಯ ಪದ್ಯ ಓದಿ ಅಜ್ಜ ನಿಲ್ಲಿಸಿದರು. ಈ ಬಿಡುವು ಎಲ್ಲಕ್ಕಿಂತ ದೊಡ್ಡದು. ಯಾರೂ ಅವಸರ ಮಾಡಲಿಲ್ಲ.

“ಅಂದ್ರ,” ಅಂದರು ಕಾಕಾ, “ಅರಸ ಅಗಸ್ಯಾಗ ಕುಂತಾನ. ಬಂದವರಿಗೆಲ್ಲ ಕೇಳ್ತಾನ, ದಾರ್ಯಾಗ ಯಾರರ ಕಂಡ್ರೇನು ಅಂತ. ಹೋದವರು ಬರೂದಿಲ್ಲ, ಅದು ಅವಂಗ ಗೊತ್ತೈತಿ. ಗೊತ್ತಿದ್ರೂ ಕೇಳ್ತಾನ. ಯಾಕಂದ್ರ ಕೇಳೂತನಕ ಅಕಿ ಇನ್ನೂ ದಾರ್ಯಾಗ ಅದಾಳ.”

ಅಕಿ ಅಂದರು. ಸತ್ತದ್ದು ತಮ್ಮ. ಅಜ್ಜ ತಿದ್ದಲಿಲ್ಲ. ನಾನೂ ಇಂದಿಗೂ ತಿದ್ದಿಲ್ಲ.

ಆಮೇಲೆ ಅಜ್ಜ ಹಾಳೆ ತಿರುವಿದರು. ವರ್ಷಗಳಿಂದ ತಿರುವದ ಹಾಳೆ, ಕರಕರ ಅಂತು. ತೊಟ್ಟಿಲ ಪದ್ಯ ಓದಿದರು. ತಮ್ಮನ ಹೆಂಡತಿ ಅರಮನೆಗೆ ಬಂದು ಕೂಸನ್ನು ಅರಸನ ತೊಡೆಯ ಮೇಲೆ ಇಡುತ್ತಾಳೆ.

“ಅಂದ್ರ, ಆಕಿ ಮಾಫ್ ಮಾಡ್ಯಾಳ ಅಂತ ಈ ಪದ್ಯದಾಗ ಎಲ್ಲೂ ಇಲ್ಲ, ನೋಡ್ರಿ. ಮಾಡಿಲ್ಲ ಅಂತನೂ ಇಲ್ಲ. ಕೂಸನ್ನ ತೊಡಿ ಮ್ಯಾಲ ಹಾಕ್ಯಾಳ. ಅಷ್ಟ. ಕೂಸು ಅಂದ ಮ್ಯಾಲ ಎರಡೂ ಕೈಲೆ ಹಿಡೀಬೇಕಾಗ್ತೈತಿ. ಅಳಾಕ ಕೈ ಖಾಲಿ ಉಳಿಯೂದಿಲ್ಲ.”

ಆಯಿ ಎದ್ದು, ಇಷ್ಟು ವರ್ಷ ಹೊತ್ತಿಗೆಗೆ ಹೊದಿಸಿದ್ದ ಹಳದಿ ಅಂಚಿನ ಅರಿವೆ ತೆಗೆದುಕೊಂಡರು. ಅದರ ಎರಡು ತುದಿ ಕಿಟಕಿಯ ಸರಳಿಗೆ, ಇನ್ನೆರಡು ಗೋಡೆಯ ಗೂಟಕ್ಕೆ ಕಟ್ಟಿ, ನಡುವೆ ತೆಂಗಿನಕಾಯಿ ಮಲಗಿಸಿ ತೂಗಿದರು. ಸಕ್ಕರೆಯ ಜೊತೆ ಎಲ್ಲರ ಕೈಗೂ ಒಂದೊಂದು ಹಿಡಿ ಒಣದ್ರಾಕ್ಷಿ ಹಾಕಿದರು. ಶೆಡ್ಡಿನ ಹೆಂಗಸರೂ ಬಂದು ಕೈ ಒಡ್ಡಿದರು.

ಅಜ್ಜ ಹೊತ್ತಿಗೆ ಮುಚ್ಚಲು ಎರಡೂ ರಟ್ಟು ಹಿಡಿದರು. ಕಾಕಾ ಪುಟದ ಮೇಲೆ ಅಂಗೈ ಇಟ್ಟರು.

“ಇವತ್ತ ಬ್ಯಾಡೋ. ತೆರದ ಇರ್ಲಿ ಇದೊಂದಿನ. ನಾಳಿ ಬರ್ತೀನಿ.”

ಅಜ್ಜ ರಟ್ಟು ಬಿಟ್ಟು ಕೈ ತೊಡೆಯ ಮೇಲೆ ಇಟ್ಟುಕೊಂಡರು.

ಹೆಂಗಸರು ಶೆಡ್ಡಿಗೆ ಮರಳಿದ ಮೇಲೆ ನನ್ನ ಕೆಲಸದ ಒಂದು ಭಾಗ ಬಾಕಿ ಇತ್ತು, ಖಾಲಿ ಕೋಣೆಯ ಸದ್ದು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿರಬೇಕೆಂದು ಕೇಳಿಕೊಂಡೆ. ಹಿರಿಯರಿಬ್ಬರೂ ಶಾಲೆಯ ಮಕ್ಕಳ ಹಾಗೆ ನೆಟ್ಟಗೆ ಕೂತರು. ಗುಬ್ಬಿ, ತೊಟ್ಟಿಲ ಗಂಟಿನ ಕಿರುಗುಟ್ಟುವಿಕೆ, ಇಬ್ಬರು ಮುದುಕರ ಉಸಿರು. ಸಾಕು ಅನ್ನುವಷ್ಟರಲ್ಲಿ ಅಜ್ಜನಿಗೆ ತಡೆಯಲಾಗಲಿಲ್ಲ.

“ಮುಂಜಾನಿ ಮೊದಲನೇ ಬಸ್ಸಿಗೇನೋ?”

“ಹೂಂ. ಮೊದಲನೇ ಬಸ್ಸಿಗೆ.”

ತೇಪೆಗೆ ಬರದಂತಾದ ಆ ತುಂಡನ್ನು ನಾನು ಪಾಠದ ಕೊನೆಗೆ ಹಾಗೆಯೇ ಉಳಿಸಿ, ಎರಡು ದಿನಕ್ಕೆ ಕಳಿಸಿದೆ. ವಿದ್ಯಾರ್ಥಿನಿ ಪೂರ್ತಿ ಕೇಳಿ ಅಂದು ರಾತ್ರಿಯೇ ಫೋನು ಮಾಡಿದಳು. ಗುಬ್ಬಿಯ ಬಗ್ಗೆ ದೂರಲಿಲ್ಲ, ಅರ್ಥದ ಬಗ್ಗೆಯೂ ಏನೂ ಕೇಳಲಿಲ್ಲ.

“ಮೇಡಂ,” ಅಂದಳು, “ಬಂದ್ರೇನ್ರಿ ಅವರು, ಮುಂಜಾನಿ?”